ಆಟಿ ಕಷಾಯ ಸಾಕಾ, ಏಳು ದಿನದ ಡಿಟಾಕ್ಸ್ ಜ್ಯೂಸ್ ಬೇಕಾ?

ಪುತ್ತೂರಿನವಳು (ಈಗ ಬೆಂಗಳೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಊರು ಪುತ್ತೂರು ಹತ್ತಿರ. ಈಗ ಇರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ. ವಯಸ್ಸು 34, ಇಡೀ ದಿನ ಕೂತು ಮಾಡುವ ಕೆಲಸ. ಮೇ ತಿಂಗಳಿಡೀ ಮದುವೆ, ಉಪನಯನ, ಗೃಹಪ್ರವೇಶ ಅಂತ ಹೋಳಿಗೆ, ಜಿಲೇಬಿ, ಪಾಯಸ ತಿಂದದ್ದೇ ತಿಂದದ್ದು. ಈಗ ಹೊಟ್ಟೆ ಭಾರ, ಬೆಳಿಗ್ಗೆ ಎದ್ದರೆ ಮೈ ಜಡ, ಗಲ್ಲದ ಮೇಲೆ ಮೊಡವೆ ಬೇರೆ.

ಆಫೀಸಿನ ಗೆಳತಿ ಒಂದು ಪ್ಯಾಕೇಜ್ ತೋರಿಸಿದಳು. ಏಳು ದಿನ ಬರೀ ಜ್ಯೂಸ್. ಬೆಳಿಗ್ಗೆ ಪಾಲಕ್ ಮತ್ತು ಸೋರೆಕಾಯಿ, ಮಧ್ಯಾಹ್ನ ಬೀಟ್‌ರೂಟ್, ರಾತ್ರಿ ಬಿಸಿನೀರಿಗೆ ಒಂದು ಪುಡಿ. ಡಬ್ಬಿಯ ಮೇಲೆ "21 ಗಿಡಮೂಲಿಕೆಗಳು, ಲಿವರ್ ಶುದ್ಧಿ" ಅಂತ ಇದೆ. ಯಾವ 21 ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಅಮ್ಮನಿಗೆ ಹೇಳಿದೆ. "ಅದೆಲ್ಲ ಎಂತಕ್ಕೆ? ಆಟಿ ಅಮಾವಾಸ್ಯೆಗೆ ಊರಿಗೆ ಬಾ, ಪಾಲೆ ಕಷಾಯ ಕುಡಿ, ವರ್ಷದ ಕಸ ಎಲ್ಲ ಹೋಗ್ತದೆ" ಅಂದರು. ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಹಿ ರಸ ಅದು. ಬರಲಿಕ್ಕೆ ಆಗದಿದ್ದರೆ ಬಾಟಲಿಗೆ ತುಂಬಿಸಿ ರಾತ್ರಿ ಬಸ್ಸಲ್ಲಿ ಕಳಿಸುತ್ತಾರಂತೆ. ಅತ್ತೆ ಹಾಸನದವರು, ಅವರದ್ದು ಇನ್ನೊಂದು ದಾರಿ. ಕಾಂಪೌಂಡಿಗೆ ಅಮೃತಬಳ್ಳಿ ಹಬ್ಬಿಸಿದ್ದಾರೆ, ದಿನಾ ಖಾಲಿ ಹೊಟ್ಟೆಗೆ ಅದರ ರಸ ಕುಡಿ ಅಂತಾರೆ.

ಬಿಪಿ, ಶುಗರ್ ಇಲ್ಲ. ಥೈರಾಯ್ಡ್ ಕಡಿಮೆ ಇದೆ, ಬೆಳಿಗ್ಗೆ ಮಾತ್ರೆ ತಗೊಳ್ತೇನೆ. ಮೂರರಲ್ಲಿ ಯಾವುದು ಮಾಡಲಿ? ಅಥವಾ ಮೂರೂ ಬಿಟ್ಟು ದಿನಾ ಮಾಡುವಂಥದ್ದು ಏನಾದರೂ ಇದೆಯಾ? ನಿಜವಾಗಿ ಗೊತ್ತಿರುವವರು ಹೇಳಿ, ದಯವಿಟ್ಟು.

ಜಯನಗರ ವಾಕರ್:

ಜ್ಯೂಸ್ ಮಾಡಿ ಮೇಡಂ, ನಾನು ಮಾಡಿದ್ದೇನೆ. ವಾರದಲ್ಲಿ ಪ್ಯಾಂಟು ಸಡಿಲ ಆಯ್ತು. ಎರಡನೇ ದಿನ ತಲೆನೋವು ಬಂತು, ಅದು ವಿಷ ಹೊರಗೆ ಹೋಗುವ ಲಕ್ಷಣ ಅಂತ ಅವರೇ ಹೇಳಿದ್ದರು. ಆಮೇಲೆ ಮೈ ಹಗುರ. ದುಡ್ಡು ಸ್ವಲ್ಪ ಜಾಸ್ತಿ ಅಷ್ಟೇ.

ಲ್ಯಾಬ್ ಅಕ್ಕ, ಮಂಗಳೂರು:

ನಾನು ಬೆಳ್ಳಾರೆ ಕಡೆಯವಳು. ಮಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಡಾಕ್ಟರ್ ಅಲ್ಲ. ಆದರೆ ಲಿವರ್, ಕಿಡ್ನಿ ರಿಪೋರ್ಟು ದಿನಾ ಕೈಯಲ್ಲಿ ಹಾದು ಹೋಗ್ತದೆ. ಪಾಲೆ ಕಷಾಯ ಕುಡಿದೇ ಬೆಳೆದವಳೂ ಹೌದು. ಬರೆದದ್ದು ಉದ್ದ ಆಗ್ತದೆ, ಬೇಜಾರು ಮಾಡಬೇಡಿ.

ಮೊದಲು ನಿಮ್ಮ ಥೈರಾಯ್ಡ್ ಮಾತ್ರೆಯ ವಿಷಯ. ಅದನ್ನು ಇಲ್ಲಿ ಯಾರೂ ಗಮನಿಸಲಿಲ್ಲ. ಆ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ ಹೋಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ, ಕಾಫಿ ಕೂಡ ಬೇಡ. ನಿಮಗೆ ಬಂದ ಸಲಹೆ ಎಲ್ಲವೂ ಅದೇ ಖಾಲಿ ಹೊಟ್ಟೆಗೇ ಕಣ್ಣು ಹಾಕಿವೆ! ಜ್ಯೂಸೋ ಅಮೃತಬಳ್ಳಿಯೋ ಮಾತ್ರೆಯ ಜೊತೆಗೇ ಒಳಗೆ ಹೋದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳದೇ ಹೋಗಬಹುದು. ಇನ್ನೊಂದು, ಮೈ ಜಡ, ಹೊಟ್ಟೆ ಭಾರ, ಇದೆಲ್ಲ ಥೈರಾಯ್ಡ್ ಮಾತ್ರೆ ಸಾಕಾಗದಿದ್ದರೂ ಆಗ್ತದೆ. ಟಿಎಸ್‌ಎಚ್, ಅಂದರೆ ಥೈರಾಯ್ಡ್‌ನ ರಕ್ತ ಪರೀಕ್ಷೆ, ಯಾವಾಗ ನೋಡಿಸಿದ್ದು? ಆರು ತಿಂಗಳು, ವರ್ಷ ಆಗಿದ್ದರೆ ಮೊದಲು ಅದನ್ನು ಮಾಡಿಸಿ. ಪ್ಯಾಕೇಜಿನ ದುಡ್ಡಿನಲ್ಲಿ ಒಂದು ಮೂಲೆಗೂ ಸಾಲದ ಖರ್ಚು.

ಈಗ ಶುದ್ಧಿಯ ವಿಷಯ. ಲಿವರ್ ಅಂದರೆ ಸೋಸುವ ಬಟ್ಟೆಯ ಹಾಗೆ ಕೊಳೆ ಕಟ್ಟಿಕೊಂಡು ಕೂರುವ ವಸ್ತು ಅಂತ ತುಂಬಾ ಜನರ ಲೆಕ್ಕ. ವರ್ಷಕ್ಕೊಮ್ಮೆ ಜಾಲಾಡಿಸಿದರೆ ಸರಿಯಾಗ್ತದೆ ಅಂತ. ಅದು ಕೊಳೆ ಹಿಡಿದಿಟ್ಟುಕೊಳ್ಳುವುದಿಲ್ಲ. ಬಂದದ್ದನ್ನು ಒಡೆದು, ನೀರಿನಲ್ಲಿ ಕರಗುವಂತೆ ಬದಲಿಸಿ ಮುಂದೆ ದಾಟಿಸ್ತದೆ. ನಾವು ತಿಂದ ಬೇಳೆ, ಮೀನಿನಿಂದ ಹುಟ್ಟುವ ಅಮೋನಿಯಾವನ್ನು ಯೂರಿಯಾ ಮಾಡ್ತದೆ, ಕಿಡ್ನಿ ಅದನ್ನು ಹೊರಗೆ ಹಾಕ್ತದೆ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸುತ್ತದೆ. ಹೆಚ್ಚುಕಡಿಮೆ ಅಷ್ಟನ್ನೂ ವಾಪಸ್ ಎಳೆದುಕೊಂಡು ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಬಿಡ್ತದೆ. ನೀವು ಹೋಳಿಗೆ ತಿಂದ ರಾತ್ರಿಯೂ ಈ ಕೆಲಸ ನಡೆದೇ ಇತ್ತು. ಬೆವರಿನಲ್ಲಿ ವಿಷ ಹೋಗ್ತದೆ ಅಂತಾರಲ್ಲ, ಬೆವರಿನಲ್ಲಿ ಇರುವುದು ಹೆಚ್ಚಾಗಿ ನೀರು ಮತ್ತು ಉಪ್ಪು.

ಜಯನಗರದ ಸರ್, ನಿಮ್ಮ ಪ್ಯಾಂಟು ಸಡಿಲ ಆದದ್ದು ಸುಳ್ಳಲ್ಲ. ಅನ್ನ, ಚಪಾತಿ ಬಿಟ್ಟರೆ ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗ್ತದೆ. ಅದರ ಜೊತೆ ಕಟ್ಟಿಕೊಂಡಿದ್ದ ನೀರೂ ಹೋಗ್ತದೆ. ಊಟ ಶುರು ಮಾಡಿದರೆ ವಾಪಸ್ ಬರ್ತದೆ. ಎರಡನೇ ದಿನದ ತಲೆನೋವಿಗೆ ಹಸಿವೋ ಕಾಫಿ ಬಿಟ್ಟದ್ದೋ ಸಾಕಷ್ಟು ಕಾರಣ. ವಿಷದ ಮೇಲೆ ಯಾಕೆ ಹಾಕುವುದು?

ಪಾಲಕ್ ಒಳ್ಳೆಯದೇ. ಹುಳಿಗೆ ಹಾಕಿ, ಪಲ್ಯ ಮಾಡಿ. ಆದರೆ ಹಸಿ ಪಾಲಕ್ ಕಟ್ಟುಗಟ್ಟಲೆ ಅರೆದು ದಿನಾ ಕುಡಿಯುವುದು ಬೇರೆ ಕತೆ. ಅದರಲ್ಲಿ ಆಕ್ಸಲೇಟ್ ಜಾಸ್ತಿ. ಬೀಟ್‌ರೂಟಿನಲ್ಲೂ ಇದೆ. ಹೀಗೆ ಜ್ಯೂಸ್ ಕುಡಿದು ಆಕ್ಸಲೇಟ್ ಹರಳು ಕಿಡ್ನಿಯಲ್ಲಿ ಕೂತು ಕಿಡ್ನಿ ಕೆಟ್ಟವರ ಬಗ್ಗೆ ವೈದ್ಯರು ಬರೆದಿದ್ದಾರೆ. ನಮ್ಮ ಬಿಂಬುಳಿ ಅನ್ನುವ ಹುಳಿ ಕಾಯಿಯನ್ನೇ ನೋಡಿ. ಮೀನಿನ ಸಾರಿಗೆ ನಾಲ್ಕು ಹಾಕಿದರೆ ಏನೂ ಆಗುವುದಿಲ್ಲ. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳೀತದೆ ಅಂತ ಅದರ ಗಟ್ಟಿ ರಸ ಕುಡಿದವರಿಗೆ ಕಿಡ್ನಿ ಹೊಡೆತ ಬಿದ್ದದ್ದನ್ನು ಅಲ್ಲಿನ ವೈದ್ಯರು 2013ರಲ್ಲಿ ವರದಿ ಮಾಡಿದರು. ಸೋರೆಕಾಯಿ ರಸ ಕಹಿ ಇದ್ದರೆ ಒಂದು ಗುಟುಕೂ ಬೇಡ, ಉಗಿಯಿರಿ. 2010ರಲ್ಲಿ ದೆಹಲಿಯಲ್ಲಿ ಅಂಥ ರಸ ಕುಡಿದು ಒಬ್ಬ ವಿಜ್ಞಾನಿ ತೀರಿಕೊಂಡ ಮೇಲೆ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಸಮಿತಿಯೇ ಕೂತು ಈ ಎಚ್ಚರಿಕೆ ಕೊಟ್ಟಿತು. ಕಹಿ ಅಂದರೆ ಔಷಧಿ, ಕಣ್ಣುಮುಚ್ಚಿ ಕುಡಿ ಅನ್ನುವ ಅಭ್ಯಾಸ ನಮ್ಮಲ್ಲಿ ಇದೆಯಲ್ವಾ, ಅದು ಇಲ್ಲಿ ಜೀವಕ್ಕೇ ಬರ್ತದೆ.

ಹೆಸರಿಲ್ಲದ ಪುಡಿ ಮಾತ್ರ ಬೇಡವೇ ಬೇಡ ಮಾರಾಯ್ರೆ. 21ರಲ್ಲಿ ಅಶ್ವಗಂಧ ಇದ್ದರೆ ನಿಮ್ಮ ಥೈರಾಯ್ಡ್ ಲೆಕ್ಕವೇ ತಪ್ಪಬಹುದು. ಅದರಿಂದ ಲಿವರ್‌ಗೆ ತೊಂದರೆ ಆದ ಪ್ರಕರಣಗಳೂ ವರದಿಯಾಗಿವೆ. ಇನ್ನು ಸೀಸ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ನಮ್ಮವರ ಅಂಗಡಿಗಳಿಂದ 70 ಆಯುರ್ವೇದ ಉತ್ಪನ್ನ ತಂದು ಪರೀಕ್ಷೆ ಮಾಡಿದರು. 14ರಲ್ಲಿ ಸೀಸವೋ ಪಾದರಸವೋ ಆರ್ಸೆನಿಕ್ಕೋ ಇತ್ತು. ವಿಷ ತೆಗೆಯಲಿಕ್ಕೆ ಅಂತ ಕುಡಿದು ಸೀಸ ಒಳಗೆ ಹಾಕಿಕೊಳ್ಳುವುದು! ಎಲ್ಲ ಪುಡಿಯೂ ಹಾಗೆ ಅಂತ ನಾನು ಹೇಳುವುದಿಲ್ಲ. ಒಳಗೆ ಏನಿದೆ ಅಂತ ಬರೆಯದವರನ್ನು ನಂಬಲಿಕ್ಕೆ ಕಾರಣ ಇಲ್ಲ, ಅಷ್ಟೇ.

ನಿಮ್ಮ ಅತ್ತೆಯವರ ಅಮೃತಬಳ್ಳಿ. ಹಿರಿಯರ ಮನಸ್ಸು ನೋಯಿಸದ ಹಾಗೆ ಹೇಳಿ. ಕೋವಿಡ್ ಸಮಯದಲ್ಲಿ ಅದನ್ನು ದಿನಾ ಕುಡಿದ ಕೆಲವರಿಗೆ ಕಾಮಾಲೆ ಬಂತು. ಮುಂಬೈ ವೈದ್ಯರು 2021ರಲ್ಲಿ ಅದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದು ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂದಿತು. ವಾದ ಯಾರು ಗೆದ್ದರೂ ನಮಗೆ ಬೇಕಾದ ಮಾತು ಅದರಲ್ಲೇ ಇದೆ. ಬಳ್ಳಿ ಯಾವುದು ಅಂತ ಖಾತ್ರಿ ಇರಬೇಕು. ಖಾತ್ರಿ ಇದ್ದರೂ ಥೈರಾಯ್ಡ್ ತೊಂದರೆ ಇರುವವರು ಹುಷಾರು. ವೈದ್ಯರು ಕಂಡದ್ದು ದೇಹದ ರಕ್ಷಣೆಯೇ ಲಿವರ್ ಮೇಲೆ ತಿರುಗಿ ಬೀಳುವಂಥ ತೊಂದರೆ. ನಿಮ್ಮಂಥವರ ಥೈರಾಯ್ಡ್ ಕಡಿಮೆ ಆಗುವುದಕ್ಕೂ ಎಷ್ಟೋ ಸಲ ಅಂಥದ್ದೇ ಕಾರಣ.

ಇನ್ನು ಪಾಲೆ ಕಷಾಯ. ಇದು ನನಗೆ ಇಷ್ಟದ ವಿಷಯ. ನಮ್ಮ ಮನೆಯಲ್ಲಿ ಅಜ್ಜ ಬೆಳಕು ಹರಿಯುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಿದ್ದರು. ಕತ್ತಿ ಮುಟ್ಟಿಸಬಾರದು. ಅಜ್ಜಿ ಅದಕ್ಕೆ ಬೆಳ್ಳುಳ್ಳಿ, ಕರಿಮೆಣಸು, ಓಮ, ಅರಿಶಿನ ಸೇರಿಸಿ ಅರೆದು, ಬಟ್ಟೆಯಲ್ಲಿ ಹಿಂಡಿ, ಒಲೆಯಲ್ಲಿ ಕೆಂಪಗೆ ಕಾಯಿಸಿದ ಬಿಳಿ ಕಲ್ಲನ್ನು ಚುಂಯ್ ಅಂತ ಒಳಗೆ ಬಿಡುತ್ತಿದ್ದರು. ದೊಡ್ಡವರಿಗೆ ಅರ್ಧ ಲೋಟ, ಮಕ್ಕಳಿಗೆ ಎರಡು ಚಮಚ. ಆ ಕಹಿಗೆ ಬಾಯಿ ಮುಚ್ಚಿಸಲಿಕ್ಕೆ ಒಂದು ತುಂಡು ಬೆಲ್ಲ. ಆಮೇಲೆ ತೆಂಗಿನಹಾಲಿನ ಮೆಂತೆ ಗಂಜಿ, ಹೊಟ್ಟೆ ತಂಪಾಗಲಿ ಅಂತ. ಕಷಾಯ ಉಷ್ಣ ಅನ್ನುತ್ತಿದ್ದರು. ಆ ತೊಗಟೆಯಲ್ಲಿ ಎಕಿಟಮಿನ್ ಅನ್ನುವ ಕಹಿ ಸತ್ವ ಇದೆ. ಹಿಂದೆ ಮಲೇರಿಯಾ ಜ್ವರಕ್ಕೂ ಇದನ್ನು ಕೊಡುತ್ತಿದ್ದರು. ವರ್ಷದ ಕಸ ತೆಗೀತದೆ ಅನ್ನುವುದಕ್ಕೆ ಲ್ಯಾಬಿನಲ್ಲಿ ತೋರಿಸುವ ಪುರಾವೆ ನನ್ನ ಹತ್ತಿರ ಇಲ್ಲ. ಆದರೆ ವರ್ಷಕ್ಕೆ ಒಂದೇ ದಿನ, ಅರ್ಧ ಲೋಟ, ಮರ ಗೊತ್ತಿರುವವರ ಕೈಯಿಂದ. ಆ ಅಳತೆಯೇ ಅದರ ಜಾಣತನ ಅಂತ ನನಗನಿಸ್ತದೆ.

ಅಪಾಯ ಇರುವುದು ಮರದ ಗುರುತಿನಲ್ಲಿ. ಆಟಿ ಅಮಾವಾಸ್ಯೆ ಆದ ಮರುದಿನ ಕೆಲವು ವರ್ಷ ಪೇಪರಿನಲ್ಲಿ ಸುದ್ದಿ ಬರ್ತದಲ್ಲ, ಪಾಲೆ ಅಂತ ಕಾಸರಕದ ತೊಗಟೆ ತಂದು ಕುಡಿದವರು ಆಸ್ಪತ್ರೆಗೆ ಅಂತ. ಕಾಸರಕದಲ್ಲಿ ಸ್ಟ್ರಿಕ್ನಿನ್ ಅನ್ನುವ ವಿಷ ಇದೆ. ಸ್ವಲ್ಪ ಹೊತ್ತಿನಲ್ಲೇ ಮೈ ಸೆಟೆದು ಸೆಳೆತ ಬರ್ತದೆ, ಪ್ರಾಣವೂ ಹೋಗಬಹುದು. ಪಾಲೆಗೆ ಒಂದೇ ಗಂಟಿನಲ್ಲಿ ಸುತ್ತಲೂ ಐದಾರು, ಏಳು ಎಲೆ. ಕೆತ್ತಿದರೆ ಬಿಳಿ ಹಾಲು. ಕಾಸರಕಕ್ಕೆ ಎದುರುಬದುರು ಎರಡೇ ಎಲೆ, ಹಾಲಿಲ್ಲ, ಕಿತ್ತಳೆಯಂಥ ದುಂಡು ಕಾಯಿ. ಕತ್ತಲಲ್ಲಿ ಹೋಗಿ ತರುವ ಪದ್ಧತಿ ಇರುವುದರಿಂದ ಹಿಂದಿನ ದಿನ ಹಗಲಿನಲ್ಲೇ ಮರ ನೋಡಿ ಗುರುತು ಕಟ್ಟಿ ಬರಬೇಕು. ನಮ್ಮ ಅಜ್ಜ ಬಾಳೆನಾರು ಕಟ್ಟಿ ಬರುತ್ತಿದ್ದರು. ಹಾಲು ಬಂತು ಅಂತ ಮಾತ್ರಕ್ಕೆ ಪಾಲೆ ಅಂತಲೂ ಅಲ್ಲ, ಹಾಲು ಬರುವ ಮರ ಬೇರೆಯೂ ಇವೆ.

ಬಾಟಲಿಯಲ್ಲಿ ಬಸ್ಸಿಗೆ ಹಾಕಿ ಕಳಿಸುವುದು ಬೇಡ ಅಂತ ಅಮ್ಮನಿಗೆ ಹೇಳಿ. ಅರೆದ ಹಸಿ ರಸ ರಾತ್ರಿಯಿಡೀ ಶಿರಾಡಿ ಘಾಟಿ ಹತ್ತಿ ಬಂದರೆ ಹುಳಿ ಬರ್ತದೆ. ಹೋಗುವುದಾದರೆ ಊರಿಗೆ ಹೋಗಿಯೇ ಕುಡಿಯಿರಿ. ಮಾತ್ರೆ ಮೊದಲು, ಕಷಾಯ ಒಂದು ಗಂಟೆ ಬಿಟ್ಟು. ಗರ್ಭಿಣಿಯಾಗಿದ್ದರೆ ಬೇಡ.

ಮಡಿಕೇರಿ ಮಳೆ:

ಅಕ್ಕ ಹೇಳಿದ್ದಕ್ಕೆ ನಮ್ಮ ಕಡೆಯದ್ದೂ ಸೇರಿಸ್ತೀನಿ. ಕೊಡಗಿನಲ್ಲಿ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ. ಆ ದಿನ ಅದರಲ್ಲಿ 18 ಬಗೆಯ ಔಷಧಿ ಸೇರಿರುತ್ತೆ ಅಂತ ನಂಬಿಕೆ. ಸೊಪ್ಪು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತೆ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕ್ತೀವಿ. ಹೊಸಬರಿಗೆ ಒಂದು ಮಾತು: ಮರುದಿನ ಮೂತ್ರ ಕೆಂಪಗೆ ಬರುತ್ತೆ, ಹೆದರಬೇಡಿ. ನಮ್ಮ ಮನೆಗೆ ಬಂದ ಬೆಂಗಳೂರು ಭಾವ ರಕ್ತ ಹೋಗ್ತಿದೆ ಅಂತ ಕಾರು ತೆಗೆದು ಆಸ್ಪತ್ರೆಗೆ ಹೊರಟಿದ್ದರು. ಸೊಪ್ಪಿನ ಬಣ್ಣ ಅಷ್ಟೇ.

ಪುತ್ತೂರಿನವಳು:

ಅಕ್ಕಾ, ತುಂಬಾ ಥ್ಯಾಂಕ್ಸ್. ಟಿಎಸ್‌ಎಚ್ ಕಳೆದ ವರ್ಷ ನೋಡಿಸಿದ್ದು. ಜೊತೆಗೆ ಮಾತ್ರೆ ನುಂಗಿ ತಕ್ಷಣ ಕಾಫಿ ಕುಡಿಯುವುದು ನನ್ನ ಅಭ್ಯಾಸ! ಇದನ್ನು ಯಾರೂ ಹೇಳಿರಲಿಲ್ಲ. ಶನಿವಾರ ರಕ್ತ ಕೊಟ್ಟು ಬರುತ್ತೇನೆ. ಎಲ್‌ಎಫ್‌ಟಿ, ಅಂದರೆ ಲಿವರ್ ಪರೀಕ್ಷೆ ಕೂಡ ಮಾಡಿಸಲಾ? ಮತ್ತೆ ದಿನಾ ಏನು ಮಾಡಬಹುದು ಅಂತ ನೀವು ಹೇಳಲೇ ಇಲ್ಲ. ಸೊಪ್ಪು, ತಂಬುಳಿ ಎಲ್ಲ ಬಿಡಬೇಕಾ?

ಲ್ಯಾಬ್ ಅಕ್ಕ, ಮಂಗಳೂರು:

ಬಿಡುವುದಾ? ಅದನ್ನೇ ಹಿಡಿಯಬೇಕು.

ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತಗೊಳ್ಳಿ. ಎಲ್‌ಎಫ್‌ಟಿ ಮಾಡಿಸಿ, ತೊಂದರೆ ಇಲ್ಲ. ಅದರಲ್ಲಿ ಎಸ್‌ಜಿಪಿಟಿ ಅನ್ನುವ ಲಿವರ್ ಅಂಶ ಸ್ವಲ್ಪ ಜಾಸ್ತಿ ಬಂದರೆ ಗಾಬರಿ ಬೇಡ, ಡಾಕ್ಟರಿಗೆ ತೋರಿಸಿ. ಒಂದು ಹನಿ ಮದ್ಯ ಮುಟ್ಟದವರಲ್ಲೂ ಲಿವರಿನಲ್ಲಿ ಕೊಬ್ಬು ಕೂರುವುದು ಈಗ ಬಹಳ ಸಾಮಾನ್ಯ. ಸಕ್ಕರೆ ಪಾನೀಯ, ಮೈದಾ, ಕೂತ ಕೆಲಸ, ಇದೇ ಕಾರಣಗಳು. ತೂಕ ಜಾಸ್ತಿ ಇರುವವರು ನೂರಕ್ಕೆ ಏಳೋ ಹತ್ತೋ ಪಾಲು ನಿಧಾನಕ್ಕೆ ಇಳಿಸಿದರೆ ಆ ಕೊಬ್ಬು ಕರಗ್ತದೆ. ಲಿವರ್ ಶುದ್ಧಿ ಅಂತ ಏನಾದರೂ ಇದ್ದರೆ ಅದೇ. ಹಾಗಾಗಿ ಮೊದಲು ಪ್ಯಾಕೆಟ್ ಜ್ಯೂಸ್, ತಂಪು ಪಾನೀಯ ನಿಲ್ಲಿಸಿ. ಊಟ ಆದ ಮೇಲೆ ಕೂರದೆ ಹತ್ತು ಹದಿನೈದು ನಿಮಿಷ ನಡೆಯಿರಿ. ಜೆ.ಪಿ. ನಗರದಲ್ಲಿ ಫುಟ್‌ಪಾತ್ ಸಿಕ್ಕಿದರೆ!

ಕಾಫಿ ಬಿಡಬೇಕಿಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ಕಾಯಿಲೆ ಕಡಿಮೆ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸಕ್ಕರೆ ಕಡಿಮೆ ಮಾಡಿ, ಮಾತ್ರೆ ಆಗಿ ಒಂದು ಗಂಟೆ ಬಿಡಿ. ತಲೆನೋವು ಅಂತ ಸುಮ್ನೆ ಪ್ಯಾರಾಸಿಟಮಾಲ್ ನುಂಗುವ ಚಟ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದರ ಮೇಲೂ ಕಣ್ಣಿಡಿ. ಅಳತೆ ಮೀರಿದರೆ ಲಿವರನ್ನೇ ಸುಡುವ ಮಾತ್ರೆ ಅದು. ಶೀತದ ಮಾತ್ರೆಯೊಳಗೂ ಅದೇ ಇರ್ತದೆ, ಎರಡೂ ಸೇರಿಸಿ ಲೆಕ್ಕ ಹಾಕಬೇಕು.

ಹೊಟ್ಟೆ ಭಾರಕ್ಕೆ ನಾರು ಬೇಕು. ಲಿವರ್ ಬೇಡದ್ದನ್ನು ಪಿತ್ತದ ಜೊತೆ ಕರುಳಿಗೆ ಬಿಡ್ತದೆ. ನಾರು ಇಲ್ಲದಿದ್ದರೆ ಆ ಪಿತ್ತರಸದ ಬಹುಪಾಲು ಮತ್ತೆ ಒಳಗೆ ಹೀರಿಕೊಳ್ಳುತ್ತದೆ. ನಾರು ಅದರಲ್ಲಿ ಒಂದಷ್ಟನ್ನು ಹಿಡಿದುಕೊಂಡು ಹೊರಗೆ ಒಯ್ಯುತ್ತದೆ. ಜ್ಯೂಸ್ ಮಾಡುವಾಗ ಸೋಸಿ ಬಿಸಾಡುವುದು ಇದನ್ನೇ. ಹುರುಳಿ ಸಾರು, ಬಸಳೆ, ಹರಿವೆ, ಕುಚಲಕ್ಕಿ ಗಂಜಿಗೆ ತೊಂಡೆಕಾಯಿ ಪಲ್ಯ. ರಾತ್ರಿ ಊಟ ಎಂಟಕ್ಕೆ ಮುಗಿಸಿ ಬೆಳಿಗ್ಗೆ ಎಂಟರ ತನಕ ಬಿಟ್ಟರೆ ಹೊಟ್ಟೆಗೆ ಸಾಕಷ್ಟು ರಜೆ. ಹರಳೆಣ್ಣೆ ಕುಡಿದು ಭೇದಿ ಮಾಡಿಸುವುದು ಬೇಡ. ನಮ್ಮ ಬಾಲ್ಯದಲ್ಲಿ ರಜೆ ಬಂದರೆ ಅದೊಂದು ಶಿಕ್ಷೆ ಇತ್ತು. ಅದರಲ್ಲಿ ಹೋಗುವುದು ನೀರು ಮತ್ತು ಲವಣ.

ಒಂದು ಗಮನಿಸಿದ್ದೀರಾ? ನಮ್ಮ ಆಟಿಯ ಅಡುಗೆಯಲ್ಲಿ ವಿಷ ತೆಗೆಯುವ ಕೆಲಸ ಬಾಯಿಗೆ ಬರುವ ಮೊದಲೇ ಮುಗಿದಿರ್ತದೆ. ಕಣಿಲೆಯನ್ನು ಕೊಚ್ಚಿ ದಿನಾ ನೀರು ಬದಲಿಸಿ ನೆನೆಸುವುದು ಯಾಕೆ? ಹಸಿ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ನೀರಿನಲ್ಲಿ ಹೋಗ್ತದೆ, ಬೇಯಿಸಿದಾಗ ಉಳಿದದ್ದೂ ಹೋಗ್ತದೆ. ಪತ್ರೊಡೆಗೆ ಹುಣಸೆಹುಳಿ ಧಾರಾಳ ಹಾಕುವುದು ಕೆಸುವಿನ ಎಲೆಯ ತುರಿಕೆಗೆ. ಅಜ್ಜಿಗೆ ಆಕ್ಸಲೇಟ್ ಅಂತ ಗೊತ್ತಿರಲಿಲ್ಲ, ಹುಳಿ ಕಡಿಮೆ ಆದರೆ ಗಂಟಲು ಕೆರೀತದೆ ಅಂತ ಗೊತ್ತಿತ್ತು. ಜ್ಯೂಸಿನವರು ಈ ನೆನೆಸುವುದು, ಬೇಯಿಸುವುದು, ಹುಳಿ ಹಾಕುವುದು ಎಲ್ಲ ಬಿಟ್ಟು ಹಸಿಯಾಗಿ ಅರೆದು ಕುಡಿಸುತ್ತಾರೆ.

ಒಂದೆಲಗದ ತಂಬುಳಿ ವಾರದಲ್ಲಿ ಎರಡು ಮೂರು ಸಲ ಮಾಡಿ. ಲಿವರ್ ತೊಳೀತದೆ ಅಂತ ಅಲ್ಲ. ಅದನ್ನು ಮಾಡಿದ ದಿನ ಮಜ್ಜಿಗೆ, ಸೊಪ್ಪು, ಅನ್ನ ಅಂತ ಊಟ ಹಗುರ ಆಗ್ತದೆ, ಕರಿದದ್ದರ ಕಡೆ ಕೈ ಹೋಗುವುದಿಲ್ಲ. ಬೇರಿನ ಮಣ್ಣು ಹೋಗುವ ಹಾಗೆ ಮೂರು ನೀರಿನಲ್ಲಿ ತೊಳೆಯಿರಿ, ಇದು ಗದ್ದೆ ಬದುವಿನ ಗಿಡ. ಒಂದು ಮುಷ್ಟಿ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ. ಮೂರು ಚಮಚ ತೆಂಗಿನತುರಿ ಸೇರಿಸಿ ನುಣ್ಣಗೆ ಅರೆದು ಕಡೆದ ಮಜ್ಜಿಗೆಗೆ ಕಲಸಿ. ಉಪ್ಪು, ಸಾಸಿವೆ ಒಗ್ಗರಣೆ. ಊಟದ ಶುರುವಿಗೆ ಮೊದಲ ಅನ್ನಕ್ಕೆ. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆ ಸಾಕು, ಬಾಲ್ಕನಿ ಕುಂಡದಲ್ಲೂ ಬರ್ತದೆ. ಮೆಂತೆಯದ್ದೂ ಆಗ್ತದೆ.

ಅತ್ತೆಯವರಿಗೆ ಈ ತಂಬುಳಿ ಮಾಡಿ ಬಡಿಸಿ ನೋಡಿ. ಹಾಸನದವರಿಗೆ ತೆಂಗಿನಕಾಯಿ ಸ್ವಲ್ಪ ಕಡಿಮೆ, ಹಸಿಮೆಣಸು ಒಂದು ಜಾಸ್ತಿ ಇದ್ದರೆ ಹಿಡಿಸಬಹುದು.

ಜಯನಗರ ವಾಕರ್:

ಅಕ್ಕ, ನನ್ನ ಪುಡಿ ಡಬ್ಬಿ ಅರ್ಧ ಉಳಿದಿದೆ. ಏನು ಮಾಡಲಿ?

ಲ್ಯಾಬ್ ಅಕ್ಕ, ಮಂಗಳೂರು:

ಕುಡಿಯಬೇಡಿ ಸರ್, ಡಬ್ಬಿ ಎಸೆಯಲೂ ಬೇಡಿ. ಪಕ್ಕದಲ್ಲಿ ಇಟ್ಟುಕೊಂಡು ಒಂದು ಎಲ್‌ಎಫ್‌ಟಿ, ಕಿಡ್ನಿಗೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ರಿಪೋರ್ಟು ಸರಿ ಬಂದರೆ ಕಸದ ಬುಟ್ಟಿಗೆ. ಏನಾದರೂ ಏರುಪೇರು ಇದ್ದರೆ ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿ ಜೊತೆಗೇ ಒಯ್ಯಿರಿ. ಏನು ಕುಡಿದಿರಿ ಅಂತ ಅವರು ಮೊದಲು ಕೇಳುವುದು ಅದನ್ನೇ.